ಕಾಣದ ಬಂಡವಾಳ ಮತ್ತು ಕೊಟ್ಟೂರಿನ ಅಡುಗೆಮನೆ

ಮೊನ್ನೆ ಪರೀಕ್ಷೆಯ ಕೆಲಸಕ್ಕೆಂದು ಕೊಟ್ಟೂರಿಗೆ ಹೋಗಿದ್ದೆ. ಕೆಲಸ ಮುಗಿಸಿ ಬಸ್‌ಸ್ಟ್ಯಾಂಡಿಗೆ ನಡೆದು ಬರುತ್ತಿದ್ದಾಗ ರೊಟ್ಟಿ ಮಾರುವ ಅಂಗಡಿಯೊಂದರ ಮುಂದೆ ಒಬ್ಬಾಕೆ ಹುರಿದ ಶೇಂಗಾ, ಒಣಮೆಣಸಿನಕಾಯಿ, ಬೆಳ್ಳುಳ್ಳಿ ಎಲ್ಲವನ್ನೂ ಒರಳಿಗೆ ಹಾಕಿ ಚಟ್ನಿಪುಡಿ ಕುಟ್ಟುತ್ತಿದ್ದಳು. ಘಾಟು ನೇರ ಮೂಗಿಗೆ ಬಂತು. ಮೊದಲು ಸೀನು, ಆಮೇಲೆ ಕಣ್ಣಲ್ಲಿ ನೀರು. ಆಕೆ ಕುಟ್ಟುವುದನ್ನು ನಿಲ್ಲಿಸಿ, "ಖಾರ ಭಾಳ ಐತ್ರಿ ಮೇಡಂ, ಆ ಕಡಿ ಸರದು ನಿಂದರ್ರಿ" ಅಂದಳು. ಖಾರಕ್ಕೇ ಕಣ್ಣೀರು ಬಂತೆಂದು ಆಕೆ ತಿಳಿದಳು. ನಾನೂ ತಿದ್ದುವ ಗೋಜಿಗೆ ಹೋಗಲಿಲ್ಲ. ಅಲ್ಲಿಂದ ಎರಡು ಓಣಿ ಆಚೆಗೆ ಕೊಟ್ರಮ್ಮನವರ ಮನೆ. ಕೆಲವು ವರ್ಷಗಳ ಹಿಂದೆ, ಒಂದು ವರ್ಷ ಪ್ರತಿ ಭಾನುವಾರ ಇದೇ ಘಾಟು ನನ್ನನ್ನು ಅವರ ಹೊಸ್ತಿಲಲ್ಲೇ ಸೀನಿಸಿ ಒಳಗೆ ಕರೆದುಕೊಳ್ಳುತ್ತಿತ್ತು.

ಆಗ ನಾನು ಕೂಡ್ಲಿಗಿಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಅತಿಥಿ ಎಂದ ಮೇಲೆ ಉಪಚಾರ ಇರುತ್ತದೆಂದು ಯಾರೂ ತಿಳಿಯಬಾರದು. ಯಾವ ವರ್ಷ ಬೇಕಾದರೂ ಹೋಗಿಬನ್ನಿ ಅನ್ನಬಹುದು ಎಂಬುದಷ್ಟೇ ಅದರ ಅರ್ಥ. ಮನೆ ಹಗರಿಬೊಮ್ಮನಹಳ್ಳಿ. ವಾರವೆಲ್ಲ ಪಾಠ, ಭಾನುವಾರ ಪಿಎಚ್‌.ಡಿ. ನನ್ನ ಮಾರ್ಗದರ್ಶಕರು ಸಿದ್ಧಲಿಂಗಪ್ಪ ಸರ್. ತೆಲಿಗಿಯಲ್ಲಿ ಹುಟ್ಟಿ, ದೂರದ ವಿಶ್ವವಿದ್ಯಾಲಯದಲ್ಲಿ ಜೀವಮಾನವೆಲ್ಲ ಹಣಕಾಸಿನ ಪಾಠ ಹೇಳಿ, ನಿವೃತ್ತರಾಗಿ ಹೆಂಡತಿ ಕೊಟ್ರಮ್ಮನವರ ತವರೂರು ಕೊಟ್ಟೂರಿಗೆ ಬಂದು ನೆಲೆಸಿದ್ದರು. ಭಾವಮೈದುನನ ದೊಡ್ಡ ಮನೆಯ ಒಂದು ಮಗ್ಗುಲು ಇವರದು. ಆ ಮನೆಯಲ್ಲಿ ಸದಾ ಜನ, ಕಾಳು ಚೀಲಗಳು, ವ್ಯಾಪಾರದ ಫೋನುಗಳು. ಗದ್ದಲದ ನಡುವೆ ಕೂತು ಸರ್ ಕೇಂದ್ರ ಬ್ಯಾಂಕಿನ ಬಡ್ಡಿ ನೀತಿಯ ಬಗ್ಗೆ ಯೋಚಿಸುತ್ತಿದ್ದರು. ಅವರ ಕೊನೆಯ ವಿದ್ಯಾರ್ಥಿನಿ ನಾನು. ಅವರು ಬರೆಯುತ್ತಿದ್ದ ಕೊನೆಯ ಪುಸ್ತಕಕ್ಕೆ ಊರೂರು ತಿರುಗಿ ಮಾಹಿತಿ ತರುವವಳೂ, ಲ್ಯಾಪ್‌ಟಾಪಿನಲ್ಲಿ ಲೆಕ್ಕ ಹಾಕುವವಳೂ ನಾನೇ.

ಪುಸ್ತಕ ಇಂಗ್ಲಿಷಿನದು, ಹೊರದೇಶದ ಪ್ರಕಾಶಕರು ಒಪ್ಪಿಕೊಂಡಿದ್ದು. ಆದರೆ ಆ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಸರ್ ಏನೇ ಬರೆಯಲಿ, ಮೊದಲು ಅದನ್ನು ಅಡುಗೆಮನೆಗೆ ತೆಗೆದುಕೊಂಡು ಹೋಗಿ, ರೊಟ್ಟಿ ಬಡಿಯುತ್ತಿರುವ ಕೊಟ್ರಮ್ಮನವರಿಗೆ ಕನ್ನಡದಲ್ಲಿ ಹೇಳಬೇಕು. ಅವರು "ತಿಳೀತು" ಅನ್ನಬೇಕು. ಅನ್ನುವವರೆಗೆ ಒಂದು ಹಾಳೆಯೂ ಮನೆಯಿಂದ ಹೊರಗೆ ಹೋಗುವಂತಿಲ್ಲ. ಮದುವೆಯಾದ ಹೊಸದರಲ್ಲಿ ತಮಾಷೆಗೆ ಶುರುವಾದದ್ದು ವ್ರತದಂತೆ ನಡೆದುಕೊಂಡು ಬಂದಿತ್ತು. ನಾನು ಅಮ್ಮಾರು ಎಂದೇ ಕರೆಯುತ್ತಿದ್ದ ಅವರು ಹೈಸ್ಕೂಲು ಮುಗಿಸಿದವರಲ್ಲ. ಅರ್ಥಶಾಸ್ತ್ರ ಅವರಿಗೆ ಗೊತ್ತಿರಲಿಲ್ಲ, ಗೊತ್ತು ಮಾಡಿಕೊಳ್ಳುವ ಹಂಬಲವೂ ಇರಲಿಲ್ಲ. ಎಷ್ಟೋ ಸಲ ಕೇಳುತ್ತ ಕೇಳುತ್ತ ಆಕಳಿಸುತ್ತಿದ್ದರು. ತಿಳಿಯದಿದ್ದರೆ ತಿಳಿಯಲಿಲ್ಲ ಎಂದು ಹೇಳಲು ಅವರಿಗೆ ಒಂದಿಷ್ಟೂ ಸಂಕೋಚವಿರಲಿಲ್ಲ, ಅಷ್ಟೇ. ಆ ಒಂದು ಗುಣ ವಿಶ್ವವಿದ್ಯಾಲಯದಲ್ಲಿ ನಾನು ಯಾರಲ್ಲೂ ಕಂಡಿರಲಿಲ್ಲ. ನನ್ನಲ್ಲಂತೂ ಇಲ್ಲವೇ ಇಲ್ಲ.

ನಾನು ಮೊದಲ ಸಲ ಆ ಕಟ್ಟಳೆಯನ್ನು ಕಣ್ಣಾರೆ ಕಂಡದ್ದು ಮುಂಗಾರಿನ ಮೊದಲ ಮಳೆ ಬಿದ್ದ ಭಾನುವಾರ. ಹೊರಗೆ ಅಂಗಳದಲ್ಲಿ ಚೀಲಗಳ ಮೇಲೆ ತಾಡಪತ್ರಿ ಎಳೆಯುವ ಗಲಾಟೆ. ಸರ್ ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಮೊದಲ ಅಧ್ಯಾಯ ಹಿಡಿದರು.

"ಅಮೂರ್ತ ಹೂಡಿಕೆ ಅಂದ್ರ, ಆಕಾರ ಇಲ್ಲದ್ದು, ಆದರ ಮುಂದಿನ ವರ್ಷಗಳ ಉತ್ಪಾದನೆಗೆ..."

"ತಿಳೀಲಿಲ್ಲ" ಅಂದರು ಅಮ್ಮಾರು, ಹಿಟ್ಟು ನಾದುತ್ತ.

"ಹೆಸರು, ಕಲಿಕಿ, ನಂಬಿಕಿ. ಕೈಯಾಗ ಹಿಡಿಯಾಕ ಬರಂಗಿಲ್ಲ. ಆದರ ವರ್ಷಗಟ್ಟಲೆ ಖರ್ಚು ಮಾಡಿ ಬೆಳಸಿದ್ದು."

"ತಿಳೀಲಿಲ್ಲ."

ನನಗೆ ನಗು. ದೇಶವಿದೇಶದ ಸಭೆಗಳಲ್ಲಿ ಮಾತಾಡಿದ ಮನುಷ್ಯ ತಲೆ ಕೆರೆದುಕೊಳ್ಳುತ್ತಿದ್ದರು. ಸ್ವಲ್ಪ ಹೊತ್ತು ಮಳೆ ನೋಡಿ ಮತ್ತೆ ಶುರುಮಾಡಿದರು. "ನಿಮ್ಮ ಅಣ್ಣನ ಮಗಳ ಮದುವಿಗೆ ಹರಪನಹಳ್ಳಿಯಿಂದ ಬ್ಯಾಂಡಿನವರು ಬಂದಿದ್ರಲ್ಲ. ಅವರ ಕಡಿ ಕ್ಲಾರಿನೆಟ್ಟು ಅದಾವು, ಡ್ರಮ್ ಅದಾವು. ಬ್ಯಾಂಕಿನ್ಯಾಗ ಅವನ್ನ ತೋರಿಸಿ ಸಾಲ ಕೇಳಬಹುದು. ಆದರ ಊದಾವರಿಗೆ ಯಜಮಾನ ವರ್ಷಗಟ್ಟಲೆ ಊಟ ಹಾಕಿ, ಪಗಾರ ಕೊಟ್ಟು ಕಲಿಸ್ಯಾನಲ್ಲ, ಆ ಕಲಿಸಿದ್ದನ್ನ ಒತ್ತಿ ಇಡಾಕ ಬರ್ತೈತೇನು?"

"ಎಲ್ಲಿ ಬರ್ತೈತಿ."

"ಆದರ ಊದೂದು ಕ್ಲಾರಿನೆಟ್ಟೋ, ಆ ಕಲಿಕಿನೋ?"

ಅಮ್ಮಾರು ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಿದರು. "ತಿಳೀತು. ಮುಂದ ಹೇಳ್ರಿ."

ಸರ್ ಆ ಕ್ಷಣದಲ್ಲಿ ಪಟ್ಟ ಸಂತೋಷವನ್ನು ಅವರ ಯಾವ ಪ್ರಶಸ್ತಿ ಸಮಾರಂಭದ ಫೋಟೋದಲ್ಲೂ ನಾನು ಕಂಡಿಲ್ಲ. ಆ ಮೊದಲ ಅಧ್ಯಾಯ ಅಂದೇ ಮರಳಿ ಬರೆಯಿಸಿಕೊಂಡಿತು, ಹರಪನಹಳ್ಳಿಯ ಬ್ಯಾಂಡು ಇಂಗ್ಲಿಷಿಗೆ ಹೋಗಿ ಕೂತಿತು.

ಅದು ಕೇಂದ್ರ ಬ್ಯಾಂಕು ಮೇಲಿಂದ ಮೇಲೆ ಬಡ್ಡಿ ಏರಿಸುತ್ತಿದ್ದ ಕಾಲ. ಬೆಲೆಗಳನ್ನು ತಣ್ಣಗೆ ಮಾಡಲು ಸಾಲವನ್ನು ದುಬಾರಿ ಮಾಡುವುದು ಅವರ ಹಳೆಯ ಮದ್ದು. ಸರ್ ಹಿಂದೊಮ್ಮೆ ಇದನ್ನೇ ಅಮ್ಮಾರಿಗೆ ಹೇಳಿ ಸಿಕ್ಕಿಬಿದ್ದಿದ್ದರಂತೆ. ತೊಗರಿಬೇಳೆ ತಣ್ಣಗಾಗಲು ತಡಮಾಡಿತು, ಅಮ್ಮಾರು ಸಂತೆಯಿಂದ ಬಂದಾಗಲೆಲ್ಲ ಚೀಲ ಇಳಿಸಿ, "ಎಲ್ರೀ, ಇನ್ನೂ ಬಿಸಿನ ಐತಲ್ಲ" ಎಂದು ಕಾಲೆಳೆಯುತ್ತಿದ್ದರು. ಅಂದಿನಿಂದ ಸರ್ ಪೂರ್ತಿ ಖಾತ್ರಿಯಾಗದೆ ಯಾವ ತೀರ್ಮಾನವನ್ನೂ ಅಡುಗೆಮನೆಗೆ ಒಯ್ಯುತ್ತಿರಲಿಲ್ಲ.

ಬಡ್ಡಿಯ ಅಧ್ಯಾಯ ಬಹಳ ಕಾಡಿತು. ಎಲ್ಲೋ ಮೇಲಿನವರು ಬಡ್ಡಿ ಏರಿಸಿದರೆ ಅದು ಕೊಟ್ಟೂರಿನವರೆಗೆ ಹೇಗೆ ಬರುತ್ತದೆ, ಬಂದದ್ದು ಯಾರಿಗೆ ತಟ್ಟುತ್ತದೆ, ಯಾರಿಗೆ ತಟ್ಟುವುದಿಲ್ಲ. ಶ್ರಾವಣದ ಭಾನುವಾರಗಳೆಲ್ಲ "ತಿಳೀಲಿಲ್ಲ" ಎಂಬ ಒಂದೇ ಮಾತಿನಲ್ಲಿ ಕಳೆದವು. ಒಂದು ದಿನ ಸರ್‌ಗೆ ಸಿಟ್ಟು ಬಂತು. "ನೀ ಬೇಕಂತ ತಿಳೀಲಿಲ್ಲ ಅನ್ನಾಕತ್ತಿ" ಅಂದರು.

"ಹಂಗಾರ ಬೇಕಂತ ತಿಳೀತು ಅನ್ಲೇನು?" ಅಂದರು ಅಮ್ಮಾರು. ಸರ್ ಹಾಳೆಗಳನ್ನು ಎತ್ತಿಕೊಂಡು ಹೊರಗೆ ಹೋದರು. ಅಮ್ಮಾರು ನನ್ನ ಕಡೆ ತಿರುಗಿ, "ಮುಂದಿನ ವಾರ ಸರಿ ಮಾಡ್ಕೊಂಡು ಬರ್ತಾರ ನೋಡು. ಸಿಟ್ಟು ಬಂದ್ರ ಚೊಲೊ ಬರೀತಾರ" ಎಂದು ನನಗೆ ರೊಟ್ಟಿ ಹಾಕಿದರು.

ಸರ್ ಮುಂದಿನ ವಾರ ಕಾಲುವೆ ಹಿಡಿದುಕೊಂಡು ಬಂದರು. "ಮ್ಯಾಲ ಡ್ಯಾಮಿನ್ಯಾಗ ಗೇಟು ಇಳಿಸಿದ್ರ ಕಾಲುವಿ ಕೆಳಗಿನ ಹೊಲದಾವಗ ಲಗೂನ ಗೊತ್ತಾಗ್ತೈತಿ. ಕಾಲುವಿಗಿಂತ ಎತ್ತರದಾಗ ಹೊಲ ಇದ್ದಾವಗ?"

"ಅವಗ ಬಿಟ್ಟಾಗೂ ನೀರಿಲ್ಲ, ನಿಲ್ಲಿಸಿದಾಗೂ ನೀರಿಲ್ಲ."

"ಅಷ್ಟೇ ನೋಡು. ಒತ್ತಿ ಇಡಾಕ ಗೋಡಿ, ಮಿಷನ್ನು ಇದ್ದಾವ ಸಾಲ ಮಾಡಿರ್ತಾನ, ಬಡ್ಡಿ ಏರಿದ್ರ ಅವಗ ತಟ್ಟತೈತಿ. ಬರೇ ಕಲಿಕಿ, ಹೆಸರು ಇದ್ದಾವಗ ಬ್ಯಾಂಕು ಮೊದಲಿಂದನೂ ಸಾಲ ಕೊಟ್ಟಿಲ್ಲ."

ಅಮ್ಮಾರು ಯೋಚಿಸಿದರು. "ಅಂದ್ರ ಬ್ಯಾಂಡಿನವರಿಗೆ ಏನೂ ಆಗಂಗಿಲ್ಲ ಅಂತೀರಿ."

"ಹಂಗಂತ ಹಿಂದಿನವರು ತಮ್ಮ ಪುಸ್ತಕದಾಗ ಬರ್ದಾರ. ಖರೇ ಹೌದೋ ಅಲ್ಲೋ, ಕಡೀ ಅಧ್ಯಾಯದಾಗ ಹೇಳ್ತೀನಿ."

"ಹೇಳೂದು ಮರೀಬ್ಯಾಡ್ರಿ ಮತ್ತ. ನನಗ ಅದು ಬೇಕು" ಅಂದರು.

ಅಮ್ಮಾರು ಯಾವ ಅಧ್ಯಾಯವನ್ನೂ ಹೀಗೆ ಬೇಕು ಎಂದು ಕೇಳಿದವರಲ್ಲವಂತೆ. ಹೊರಡುವಾಗ ಸರ್ ಬಾಗಿಲವರೆಗೆ ಬಂದು, ಹುಡುಗರಂತೆ ಮೆಲ್ಲಗೆ, "ಕೇಳಿದ್ಯೇನು, ಬೇಕು ಅಂದ್ಲು" ಎಂದು ನನ್ನೆದುರು ಹೆಮ್ಮೆಪಟ್ಟರು. ಅಂದಿನಿಂದ ನಾನು ಹೋದಾಗಲೆಲ್ಲ ಅಮ್ಮಾರು ಟಿವಿಯ ಧಾರಾವಾಹಿಯ ಬಗ್ಗೆ ಕೇಳುವಂತೆ ಕೇಳುವರು: "ಬ್ಯಾಂಡಿನವರದು ಏನಾತು ಯವ್ವಾ, ಗೊತ್ತಾತೇನು?"

ಗೊತ್ತು ಮಾಡಿಕೊಳ್ಳಲು ನಾನು ತಿರುಗುತ್ತಿದ್ದೆ. ಹರಪನಹಳ್ಳಿಯ ಬ್ಯಾಂಡಿನವರು, ಕೂಡ್ಲಿಗಿಯಲ್ಲಿ ರವಿಕೆ ಹೊಲಿಯುವವರು, ಹಡಗಲಿಯಲ್ಲಿ ಮಲ್ಲಿಗೆ ಕೊಂಡು ಕಟ್ಟಿಸಿ ದೂರದೂರಿಗೆ ಕಳಿಸುವವರು. ಕಲಿಸಲು ವರ್ಷಕ್ಕೆ ಎಷ್ಟು ಮಂದಿಯನ್ನು ಇಟ್ಟುಕೊಳ್ಳುತ್ತೀರಿ, ಗಿರಾಕಿ ಹೇಗೆ ಬರುತ್ತಾರೆ, ಹಿಂದೆ ವ್ಯಾಪಾರ ಬಿದ್ದಾಗ ಏನು ಮಾಡಿದಿರಿ, ಇವು ನನ್ನ ಪ್ರಶ್ನೆಗಳು. ಬಸ್ಸಿನ ಕಿಟಕಿಯಾಚೆ ಶೇಂಗಾ ಕೀಳುವ ಹೊಲಗಳು, ಕೆಂಪು ಮಣ್ಣಿನ ಹಸಿ ವಾಸನೆ. ಮೈಯೆಲ್ಲ ಧೂಳಾಗಿ ಮನೆಗೆ ಬಂದರೆ ನಮ್ಮವ್ವ, "ಇದೇನು ಓದಾಕತ್ತೀಯೋ, ಜನಗಣತಿ ಮಾಡಾಕತ್ತೀಯೋ" ಅನ್ನುವಳು. ಆದರೆ ಆ ತಿರುಗಾಟ ನನಗೆ ಇಷ್ಟವಾಗಿತ್ತು. ಬ್ಯಾಂಡಿನ ಯಜಮಾನರು ನನ್ನ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟು, ಕೊನೆಗೆ, "ಕಲಿಯಾಕ ಬಂದಾವರನ್ನ ಎರಡು ವರ್ಷದಿಂದ ಬ್ಯಾಡ ಅನ್ನಾಕತ್ತೀನ್ರಿ, ಸುಗ್ಗಿ ನೋಡಿ ಮತ್ತ ಕರಸಬೇಕು" ಎಂದರು. ಅದನ್ನೂ ಬರೆದುಕೊಂಡೆ.

ಉತ್ತರ ಬಂದದ್ದು ಕಾರ್ತಿಕದಲ್ಲಿ. ಹಿಂದಿನ ವರ್ಷಗಳ ಬಡ್ಡಿಯ ಏರಿಳಿತ ಒಂದು ಕಡೆ, ನಾನು ತಂದ ಮಾಹಿತಿ ಇನ್ನೊಂದು ಕಡೆ ಇಟ್ಟು, ಸರ್ ಪಕ್ಕದಲ್ಲಿ ಕೂತು ಲೆಕ್ಕ ಓಡಿಸಿದೆ. ಬಡ್ಡಿ ಏರಿದಾಗ ಈ ಜನಕ್ಕೆ ನೇರವಾಗಿ ಏನೂ ಆಗುವುದಿಲ್ಲ, ಅದು ನಿಜ. ಆದರೆ ಇವರ ಗಿರಾಕಿಗಳು ಕೈ ಬಿಗಿಹಿಡಿಯುತ್ತಾರೆ. ಆಗ ಇವರು ಕ್ಲಾರಿನೆಟ್ಟು ಮಾರುವುದಿಲ್ಲ, ಹೊಲಿಗೆ ಯಂತ್ರ ಮಾರುವುದಿಲ್ಲ, ಹೊಸಬರಿಗೆ ಕಲಿಸುವುದನ್ನು ನಿಲ್ಲಿಸುತ್ತಾರೆ. ಹೊರಗಿನಿಂದ ನೋಡಿದವರಿಗೆ ಎಲ್ಲ ಇದ್ದ ಹಾಗೇ ಇರುತ್ತದೆ. ಆಮೇಲೆ ಬಡ್ಡಿ ಇಳಿಯುತ್ತದೆ, ಗಿರಾಕಿಗಳು ಬರುತ್ತಾರೆ. ನಿಂತುಹೋದ ಕಲಿಕೆ ಮಾತ್ರ ತಿರುಗಿ ಬರುವುದಿಲ್ಲ. ಕಲಿಯಬೇಕಾದವರು ಬೇರೆ ದಾರಿ ಹಿಡಿದಿರುತ್ತಾರೆ, ಕಲಿಸುವವರಿಗೆ ವಯಸ್ಸಾಗಿರುತ್ತದೆ. ಇದು ಆ ಪುಸ್ತಕದ ಕೊನೆಯ ಮಾತಾಗಬೇಕಿತ್ತು.

ನಾನು ಕುಣಿಯುವುದೊಂದು ಬಾಕಿ. ಯಾರೂ ಹೇಳದ್ದನ್ನು ನಾವು ಕಂಡಿದ್ದೆವು. ಸರ್ ಪರದೆಯನ್ನೇ ನೋಡುತ್ತ ಕೂತರು, ಆಮೇಲೆ, "ಇನ್ನೊಮ್ಮೆ ನೋಡೋಣವ್ವಾ" ಅಂದರು. ಅವರ ದನಿ ಸರಿ ಇರಲಿಲ್ಲ. ಏನಾಯಿತು ಸರ್ ಎಂದೆ. ಹಿಂದಿನ ದಿನ ಅಮ್ಮಾರನ್ನು ದಾವಣಗೆರೆಗೆ ಕರೆದುಕೊಂಡು ಹೋಗಿದ್ದರಂತೆ. ಬಹಳ ದಿನದಿಂದ ಹೊಟ್ಟೆನೋವು, ಅಜೀರ್ಣವೆಂದು ಅಮ್ಮಾರು ಓಮಿನ ಕಾಳು ತಿಂದು ಸುಮ್ಮನಿದ್ದರು. ಅದು ಕ್ಯಾನ್ಸರ್ ಆಗಿತ್ತು, ಯಕೃತ್ತಿಗೂ ಹಬ್ಬಿತ್ತು. ಬೇಸಿಗೆ ದಾಟುವ ಭರವಸೆಯನ್ನು ಡಾಕ್ಟರು ಕೊಟ್ಟಿರಲಿಲ್ಲ. ಅಷ್ಟು ಹೇಳಿ ಸರ್ ಕನ್ನಡಕ ತೆಗೆದು ಒರೆಸಿಕೊಂಡರು. ಅಡುಗೆಮನೆಯಿಂದ ಅಮ್ಮಾರು, "ರೇಣುಕಾ, ಬ್ಯಾಂಡಿನವರದು ಗೊತ್ತಾತೇನವ್ವಾ?" ಎಂದು ಕೂಗಿದರು. ಸರ್ ನನ್ನ ಮುಖ ನೋಡಿ ಬೇಡವೆಂದು ತಲೆಯಾಡಿಸಿದರು. "ಇನ್ನೂ ಇಲ್ಲ ಅಮ್ಮಾರ" ಎಂದೆ.

ಅಲ್ಲಿಂದ ಆ ವರ್ಷದ ಚಳಿಗಾಲವೆಲ್ಲ ಒಂದೇ ಲೆಕ್ಕವನ್ನು ಮತ್ತೆ ಮತ್ತೆ ಹಾಕುವುದರಲ್ಲಿ ಹೋಯಿತು. ಹಡಗಲಿಯನ್ನು ಬಿಟ್ಟು ನೋಡು. ಹರಪನಹಳ್ಳಿಯನ್ನು ಬಿಟ್ಟು ನೋಡು. ತೀರ ಸಣ್ಣವರನ್ನು ತೆಗೆದು ನೋಡು. ಎರಡು ವರ್ಷ ಹಿಂದಿನಿಂದ ಶುರುಮಾಡು, ಎರಡು ವರ್ಷ ಮುಂದಿನಿಂದ ಮಾಡು. ಸಂಶೋಧನೆಯಲ್ಲಿ ಇದು ತಪ್ಪಲ್ಲ. ಸಿಕ್ಕ ಉತ್ತರ ಗಟ್ಟಿಯೋ ಅಲ್ಲವೋ ಎಂದು ಎಲ್ಲ ಕಡೆಯಿಂದ ತಟ್ಟಿ ನೋಡಲೇಬೇಕು. ಆದರೆ ತಟ್ಟುವುದಕ್ಕೂ ಒಂದು ಮಿತಿ ಇದೆ. ಅದನ್ನು ನನಗೆ ಕಲಿಸಿದವರೇ ಸರ್. ನಾನು ಹೊಸದಾಗಿ ಸೇರಿದಾಗ ಬೇಕಾದ ಉತ್ತರ ಬರಲಿಲ್ಲವೆಂದು ಒಂದು ಲೆಕ್ಕವನ್ನು ಹತ್ತಾರು ರೀತಿ ತಿರುಗಿಸಿದ್ದೆ. ಆಗ, "ಉತ್ತರ ಮನಸ್ಸಿಗೆ ಬರಲಿಲ್ಲ ಅಂತ ಮತ್ತ ಮತ್ತ ಲೆಕ್ಕ ಹಾಕಾಕಿ ಸಂಶೋಧಕಿ ಅಲ್ಲ, ಜೂಜಾಡಾಕಿ" ಎಂದು ಮುಖಕ್ಕೆ ಹೊಡೆದಂತೆ ಹೇಳಿದ್ದರು. ಈಗ ಅವರೇ ಆ ಆಟಕ್ಕೆ ಕೂತಿದ್ದರು. ಪ್ರತಿ ಸಲವೂ ಉತ್ತರ ಅದೇ ಬರುತ್ತಿತ್ತು. ಏರುವಾಗ ನಿಂತದ್ದು ಇಳಿದ ಮೇಲೆ ತಿರುಗಿ ಬರುವುದಿಲ್ಲ. ಪ್ರತಿ ಸಲವೂ ಸರ್ ಹೊಸದೊಂದು ಅನುಮಾನ ಹುಡುಕಿ ತರುತ್ತಿದ್ದರು.

ಅಮ್ಮಾರು ಕರಗುತ್ತಿದ್ದರು. ರೊಟ್ಟಿ ಬಡಿಯುವ ಕೆಲಸ ಅಣ್ಣನ ಹೆಂಡತಿಯ ಕೈಗೆ ಹೋಯಿತು. ಅಡುಗೆಮನೆಯ ಗೋಡೆಗೆ ಒರಗಿ ಒಂದು ಕೌದಿಯ ಮೇಲೆ ಕೂತು, ಹೀಗಲ್ಲ ಹಾಗೆ ಎಂದು ಹೇಳುತ್ತಿದ್ದರು. ಸಂಕ್ರಾಂತಿಗೆ ನಾನು ಎಳ್ಳು ತೆಗೆದುಕೊಂಡು ಹೋದಾಗ ಸರ್ ಹೊರಗೆ ಹೋಗಿದ್ದರು. ಅಮ್ಮಾರು ನನ್ನನ್ನು ಹತ್ತಿರ ಕೂರಿಸಿಕೊಂಡು ಕೈ ಹಿಡಿದರು. ಆ ಕೈಯಲ್ಲಿ ತೂಕವೇ ಇರಲಿಲ್ಲ. "ಲೆಕ್ಕ ಮುಗದೈತಿ ಹೌದಿಲ್ಲೋ" ಅಂದರು.

ಸುಳ್ಳು ಹೇಳಲಾಗಲಿಲ್ಲ. "ಮುಗದೈತ್ರಿ ಅಮ್ಮಾರ. ಹೇಳ್ಲೇನು?"

"ಬ್ಯಾಡ, ನೀ ಹೇಳಬ್ಯಾಡ. ಅವರ ಬಾಯಿಂದ ಕೇಳಬೇಕು ನಾನು. ಮದುವಿ ಆದಾಗಿನಿಂದ ಹಂಗ ನಡದೈತಿ, ಈಗ ನಡುವ ನೀ ಯಾಕ ಬರ್ತಿ." ನಕ್ಕರು, ನಕ್ಕದ್ದಕ್ಕೆ ನೋವಾಗಿ ಕಣ್ಣು ಮುಚ್ಚಿದರು. ಆಮೇಲೆ ಹೇಳಿದರು, "ಅವರು ಯಾಕ ಮುಗಸವಲ್ಲರು ಅಂತ ನನಗ ಗೊತ್ತೈತಿ. ಓದಿ ಮುಗದ ಮ್ಯಾಲ ಇಕಿ ಹೋಗ್ತಾಳ ಅಂತ ತಿಳಕೊಂಡಾರ. ಎಷ್ಟ ಓದಿದ್ರೂ ಗಂಡಸರಿಗೆ ಬುದ್ಧಿ ಇಷ್ಟೇ ನೋಡು. ಓದಿದ್ರೂ ಹೋಗ್ತೀನಿ, ಓದದಿದ್ರೂ ಹೋಗ್ತೀನಿ. ಕೇಳಿಯಾರ ಹೋಗ್ತೀನಿ ಅಂತ ನೀನಾರ ಹೇಳವ್ವಾ."

ಹೇಳಿದೆ. ಮುಂದಿನ ಭಾನುವಾರ ಗಟ್ಟಿ ಮನಸ್ಸು ಮಾಡಿ ಹೇಳಿದೆ. ಗುರುಗಳೆದುರು ಅಷ್ಟು ಮಾತಾಡಿದ್ದು ನನ್ನ ಜೀವನದಲ್ಲಿ ಅದೇ ಮೊದಲು. "ಸರ್, ಅಮ್ಮಾರು ಕಾಯಾಕತ್ತಾರ. ಉತ್ತರ ಬದಲಾಗಂಗಿಲ್ಲ, ನಿಮಗೂ ಗೊತ್ತೈತಿ. ಓದಿಬಿಡ್ರಿ."

ಹೊರಗೆ ಚೀಲ ಇಳಿಸುವವರ ಗದ್ದಲ. ಸರ್, "ಏನಂತ ಓದಲವ್ವಾ?" ಅಂದರು. "ಅಂಥಾದ್ದರಾಗ ಮಲಗ್ಯಾಳ ಆಕಿ. ಆಕಿ ಮುಂದ ಕೂತು, ಹೋದದ್ದು ಹೋತು, ತಿರುಗಿ ಬರಂಗಿಲ್ಲ ಅಂತ ಓದ್ಲೇನು? ಒಮ್ಮೆ, ಒಂದೇ ಒಂದು ಸಲ, ತಿರುಗಿ ಬರ್ತೈತಿ ಅಂತ ಲೆಕ್ಕ ಬರ್ಲಿ. ಅವತ್ತೇ ಓದ್ತೀನಿ."

ಅವರು ಲ್ಯಾಪ್‌ಟಾಪನ್ನು ನನ್ನ ಕಡೆ ಸರಿಸಿ, ಕೂಡ್ಲಿಗಿಯನ್ನು ಬಿಟ್ಟು ನೋಡು ಅಂದರು. ಕೂಡ್ಲಿಗಿಯನ್ನು ಬಿಟ್ಟು ನೋಡಿದೆ. ಅದೇ ಬಂತು.

ಶಿವರಾತ್ರಿ ಕಳೆದು ಬಿಸಿಲು ಏರಿತು. ಬೇವಿನ ಗಿಡಗಳು ಚಿಗುರಿದ್ದವು, ರಸ್ತೆಯಲ್ಲಿ ಮಧ್ಯಾಹ್ನ ನಾಯಿಯೂ ಅಡ್ಡಾಡುತ್ತಿರಲಿಲ್ಲ. ಅಮ್ಮಾರಿಗೆ ಉಸಿರಾಟ ಕಷ್ಟವಾಗಿ ದಾವಣಗೆರೆಯ ಆಸ್ಪತ್ರೆಗೆ ಸೇರಿಸಿದರು. ಕಾಲೇಜಿಗೆ ರಜೆ ಹಾಕಿ ನಾನೂ ಹೋದೆ. ಮೂರನೆಯ ಮಹಡಿಯ ಕೋಣೆ, ಕಿಟಕಿಯಲ್ಲಿ ಊರೆಲ್ಲ ಕಾಣುತ್ತಿತ್ತು. ಅಮ್ಮಾರು ಆಗ ಮಾತಾಡುವುದು ಬಹಳ ಕಡಿಮೆ. ಆದರೂ ಸರ್ ಒಳಗೆ ಬಂದ ಕೂಡಲೆ ಅವರ ಕೈಚೀಲದ ಕಡೆ ನೋಡಿದರು. ಅದರಲ್ಲಿ ಕೊನೆಯ ಅಧ್ಯಾಯ ಇತ್ತು.

"ಓದ್ಲೇನು?" ಎಂದರು ಸರ್.

ಅಮ್ಮಾರು ಹೂಂ ಅಂದರು. ಸರ್ ಮಂಚದ ಪಕ್ಕ ಸ್ಟೂಲು ಎಳೆದು ಕೂತರು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಹಾಳೆಯಲ್ಲಿದ್ದ ಇಂಗ್ಲಿಷನ್ನು ನೋಡುತ್ತ ಅವರು ಕನ್ನಡದಲ್ಲಿ, ಮನೆಯ ಮಾತಿನಲ್ಲಿ ಹೇಳುತ್ತಾ ಹೋದರು. ಎಷ್ಟು ಚೆನ್ನಾಗಿ ಹೇಳಿದರೆಂದರೆ ಅಷ್ಟು ಚೆನ್ನಾಗಿ ಅವರು ಯಾವ ತರಗತಿಯಲ್ಲೂ ಪಾಠ ಹೇಳಿರಲಾರರು. ಬಡ್ಡಿ ಏರಿದ್ದು, ಮದುವೆ ಮನೆಯವರು ಬ್ಯಾಂಡು ಬೇಡ ಅಂದದ್ದು, ಯಜಮಾನ ವಾದ್ಯಗಳನ್ನು ಒರೆಸಿ ಇಟ್ಟು, ಕಲಿಯಲು ಬಂದವರಿಗೆ 'ಈ ವರ್ಷ ಬ್ಯಾಡ, ಮುಂದ ನೋಡೋಣ' ಎಂದು ಹೇಳಿ ಕಳಿಸಿದ್ದು. ಅಮ್ಮಾರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಹಾಗೆಯೇ ಸರ್ ಕೊನೆಯ ಪುಟಕ್ಕೆ ಬಂದರು. ಅದನ್ನು ಟೈಪ್ ಮಾಡಿದವಳು ನಾನು, ಅದರಲ್ಲಿ ಏನಿದೆಯೆಂದು ನನಗೆ ಬಾಯಿಪಾಠ.

"ಆಮ್ಯಾಲ ಬಡ್ಡಿ ಇಳೀತೈತಿ" ಅಂದರು ಸರ್. ಹಾಳೆಯಿಂದ ಕಣ್ಣು ಎತ್ತಿದರು. ಮತ್ತೆ ಹೇಳಿದರು, "ಬಡ್ಡಿ ಇಳದ ಮ್ಯಾಲ ಗಿರಾಕಿ ಬರ್ತಾರ. ನಿಧಾನಕ್ಕ, ಹೋದದ್ದೆಲ್ಲ ತಿರುಗಿ ಬರ್ತೈತಿ. ಮೊದಲ ಹೆಂಗಿತ್ತೋ ಹಂಗ ಆಗ್ತೈತಿ."

ಒಂದು ಅಂಕಿ ಆಚೀಚೆಯಾದರೆ ವಾರಗಟ್ಟಲೆ ನಿದ್ದೆಗೆಡುತ್ತಿದ್ದ ಮನುಷ್ಯ, ಪುಸ್ತಕದ ತೀರ್ಮಾನವನ್ನೇ ತಿರುವಿಹಾಕಿ ಓದಿದ್ದರು. ಅವರು ವಾಡಿಕೆಯಂತೆ ಕೇಳಿದರು, "ತಿಳೀತೇನು?"

ಅಮ್ಮಾರು ಕಣ್ಣು ತೆರೆದು ಗಂಡನನ್ನು ನೋಡಿದರು. ಬಹಳ ಹೊತ್ತು ನೋಡಿದರು. ಸಿಟ್ಟಿರಲಿಲ್ಲ, ಅವರ ಸುಳ್ಳು ತಿಳಿದಿತ್ತು, ಅಷ್ಟೇ. "ತಿಳೀಲಿಲ್ಲರಿ" ಅಂದರು.

"ಯಾವುದು?"

"ಕಡೀದು."

ಸರ್ ತಲೆ ತಗ್ಗಿಸಿದರು. "ನಾಳಿ ಇನ್ನೊಮ್ಮೆ ಓದ್ತೀನಿ. ಈಗ ಮಲಕೋ."

"ಹೂಂ. ಸರಿ ಮಾಡ್ಕೊಂಡು ಬರ್ರಿ" ಅಂದು ಅಮ್ಮಾರು ಮಗ್ಗುಲಾದರು. ಮರುದಿನ ಬೆಳಕು ಹರಿಯುವ ಮೊದಲೇ ಹೋಗಿಬಿಟ್ಟರು. ಸರ್ ಆಗ ಕೆಳಗೆ ಚಹಾ ತರಲು ಹೋಗಿದ್ದರು, ಓದಬೇಕಾದ ಹಾಳೆ ಜೇಬಿನಲ್ಲೇ ಇತ್ತು.

ಕೊಟ್ಟೂರಿಗೆ ತಂದು ಮಣ್ಣು ಮಾಡಿದರು. ನಾನು ಹೆಂಗಸರ ನಡುವೆ ಕೂತು ಅತ್ತೆ. ಅವರು ನನಗೆ ಬಂಧುವಲ್ಲ, ನಾನು ಅವರಿಗೆ ಮಗಳಲ್ಲ, ಆದರೂ ಈ ತನಕ ಯಾರ ಸಾವೂ ನನ್ನನ್ನು ಹಾಗೆ ಅಳಿಸಿಲ್ಲ.

ಪ್ರಕಾಶಕರಿಂದ ಮೇಲಿಂದ ಮೇಲೆ ಇ-ಮೇಲು ಬರತೊಡಗಿದವು. ಪುಸ್ತಕ ಸಿದ್ಧವಿತ್ತು, ಕಳಿಸುವುದೊಂದೇ ಬಾಕಿ. ಕಾರ್ಯವೆಲ್ಲ ಮುಗಿದ ಮೇಲೆ ಒಂದು ದಿನ ಹೋಗಿ ಮೆಲ್ಲಗೆ ಆ ಮಾತು ತೆಗೆದೆ. ಸರ್ ನನ್ನ ಮೇಲೆ ರೇಗಲಿಲ್ಲ. "ಹೆಂಗ ಕಳಸಲವ್ವಾ, ಆಕಿ ತಿಳೀಲಿಲ್ಲ ಅಂದಾಳಲ್ಲ" ಅಂದರು. ನಾನು, ಅಮ್ಮಾರಿಗೆ ತಿಳಿಯದೇ ಇದ್ದದ್ದು ನೀವು ಓದಿದ್ದು ಸರ್, ಬರೆದದ್ದಲ್ಲ ಎಂದೆ. "ಬರೆದದ್ದನ್ನ ಆಕಿ ಕೇಳೇ ಇಲ್ಲಲ್ಲ" ಅಂದರು. ಪ್ರಕಾಶಕರು ಕಾದು ಕಾದು ಕೈಬಿಟ್ಟರು. ನನ್ನ ಪಾಲಿನ ಕೆಲಸವನ್ನು ನಾನು ಪ್ರಬಂಧ ಮಾಡಿ ಪದವಿ ತೆಗೆದುಕೊಂಡೆ. ಸರ್ ಮೌಖಿಕ ಪರೀಕ್ಷೆಯ ದಿನ ಬಂದು ಕೊನೆಯ ಸಾಲಿನಲ್ಲಿ ಕೂತು, ನನ್ನ ತೀರ್ಮಾನವನ್ನು ಕೇಳಿ, ಯಾರಿಗೂ ಹೇಳದೆ ಎದ್ದು ಹೋದರು.

ಈಚೆಗೆ ಕೇಂದ್ರ ಬ್ಯಾಂಕು ಬಡ್ಡಿ ಇಳಿಸಲು ಶುರುಮಾಡಿತು. ಅದರ ಸುದ್ದಿ ಪತ್ರಿಕೆಯಲ್ಲಿ ಬಂದ ದಿನ ನಾನು ಕೂಡ್ಲಿಗಿಯಲ್ಲಿ ಪಾಠ ಮುಗಿಸಿ ಬಸ್ಸಿಗೆ ಕಾಯುತ್ತಿದ್ದೆ. ಸರ್ ಫೋನು ಬಂತು.

"ಬಡ್ಡಿ ಇಳೀತಂತ ನೋಡಿದೇನು?" ಅಂದರು.

"ನೋಡಿದೆ ಸರ್."

"ನಿನ್ನೆ ಹರಪನಹಳ್ಳಿಗೆ ಹೋಗಿದ್ದೆ. ನಮ್ಮ ಬ್ಯಾಂಡಿನವರಿಗೆ ಈ ಸಲ ಮದುವಿ ಚೊಲೊ ಬಂದಾವಂತ. ಊದಾವರು ಸಿಗವಲ್ಲರು ಅಂತಾನ. ಕಲಿಯಾಕ ಬಂದಾವರನ್ನ ಹಿಂದಕ ಕಳಿಸಿದ್ನಲ್ಲ, ಅವರ್ಯಾರೂ ತಿರುಗಿ ಬಂದಿಲ್ಲ." ಅವರ ಉಸಿರು ಕೇಳುತ್ತಿತ್ತು, ಅವರ ಹಿಂದೆ ಆ ಮನೆಯ ಗದ್ದಲ ಕೇಳುತ್ತಿತ್ತು. "ನಾವು ಬರೆದದ್ದು ಸರಿ ಐತಿ ರೇಣುಕಾ. ಅದನ್ನ ಇದ್ದ ಹಂಗ ಓದಿದ್ರ, ತಿಳೀತು ಅಂತಿದ್ಲು ಆಕಿ. ಓದಬೇಕಿತ್ತು ನಾನು."

ಹೌದು ಸರ್, ಓದಬೇಕಿತ್ತು ಎಂದೆ.